ವಿಂಡೋಸ್ 10 ಮುಗೀತು. ಹಳೇ ಕಂಪ್ಯೂಟರಿಗೆ ಯಾವ ಲಿನಕ್ಸ್ ಹಾಕಬೇಕು?

ಅನಗವಾಡಿ: ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಉಚಿತ ಅಪ್‌ಡೇಟ್ 2025ರ ಅಕ್ಟೋಬರ್ 14ಕ್ಕೆ ನಿಂತಿದೆ. ಕಂಪ್ಯೂಟರ್ ಎಂದಿನಂತೆ ಚಾಲೂ ಆಗುತ್ತದೆ, ಪ್ರಿಂಟೂ ಬರುತ್ತದೆ. ಅದಕ್ಕೇ ಇದು ಅಂಗಡಿಯವರ ಗಮನಕ್ಕೆ ಬರೋದಿಲ್ಲ. ಆದರೆ ಝೆರಾಕ್ಸ್, ಆನ್‌ಲೈನ್ ಅರ್ಜಿ ಅಂಗಡಿಯ ಕಂಪ್ಯೂಟರಿನಾಗ ಊರ ಮಂದಿಯ ಆಧಾರ್, ಪಾಸ್‌ಬುಕ್, ಪಹಣಿ ಎಲ್ಲಾ ಬಿದ್ದಿರುತ್ತವೆ. ಇನ್ನು ಮುಂದೆ ಅದರಲ್ಲಿ ಹೊಸ ತೂತು ಬಿದ್ದರೆ ಮುಚ್ಚುವವರಿಲ್ಲ. ಒಂದು ವರ್ಷದ ಹೆಚ್ಚುವರಿ ಅಪ್‌ಡೇಟ್ ಯೋಜನೆ ಇದೆ ಖರೆ, ಅದು ದಿನ ದೂಡೋ ದಾರಿ ಅಷ್ಟೇ.

ವಿಂಡೋಸ್ 11 ಹಾಕೋಣ ಅಂದ್ರೆ ಟಿಪಿಎಂ 2.0 ಚಿಪ್ ಬೇಕು, ಇಂಟೆಲ್ ಆದರೆ ಸಾಮಾನ್ಯವಾಗಿ 8ನೇ ಜನರೇಷನ್ ಅಥವಾ ಅದರ ಮೇಲಿನದು ಬೇಕು. 2017ಕ್ಕಿಂತ ಹಿಂದೆ ತಗೊಂಡ ಮಷಿನ್ ಬಹುತೇಕ ಇದರಲ್ಲಿ ಫೇಲ್. ಕಬ್ಬಿನ ಬಿಲ್ಲು ಬರುವ ತನಕ ಹೊಸದನ್ನು ಕೊಳ್ಳಲಾಗದವರಿಗೆ ಉಳಿಯುವ ದಾರಿ ಲಿನಕ್ಸ್. ಅದಕ್ಕೆ ರೊಕ್ಕ ಕೊಡಬೇಕಿಲ್ಲ.

ಲಿನಕ್ಸ್‌ನಲ್ಲಿ ನೂರಾರು ಬಗೆ ಇವೆ, ಹೆಸರು ಓದೋದ್ರಾಗ ತಲೆ ತಿರುಗುತ್ತದೆ. ಹೊಸಬರು ಲಿನಕ್ಸ್ ಮಿಂಟ್ ಹಾಕಿಕೊಂಡರೆ ಸಾಕು. ಕೆಳಗೆ ಎಡಕ್ಕೆ ಮೆನು, ಬಲಕ್ಕೆ ಗಡಿಯಾರ. ವಿಂಡೋಸ್ 7 ನೋಡಿದವರಿಗೆ ಹೊಸದೆನಿಸುವುದಿಲ್ಲ. ಮಿಂಟ್ 22ಕ್ಕೆ 2029ರ ಏಪ್ರಿಲ್‌ವರೆಗೆ ಅಪ್‌ಡೇಟ್ ಇದೆ. 4 ಜಿಬಿ ರ‍್ಯಾಮ್ ಮೇಲಿದ್ದರೆ ಸಿನಮನ್, ಕಡಿಮೆ ಇದ್ದರೆ ಎಕ್ಸ್‌ಎಫ್‌ಸಿಇ ಆವೃತ್ತಿ ತಗೋಬೇಕು. ಉಬುಂಟು ಕೂಡ ಗಟ್ಟಿ, ಆದರೆ ಅದರ ಪಟ್ಟಿ ಎಡಬದಿಗೆ ಇರೋದ್ರಿಂದ ಮೊದಲ ವಾರ ಕೈ ತಡವರಿಸುತ್ತದೆ. ಸಿ-ಡ್ಯಾಕ್‌ನ ಬಾಸ್ ಲಿನಕ್ಸ್ ನಮ್ಮ ದೇಶದ್ದೇ, ಭಾರತೀಯ ಭಾಷೆಗಳಿಗೆ ಒತ್ತು ಕೊಟ್ಟಿದೆ. ಆದರೆ ಎಲ್ಲಾದರೂ ಸಿಕ್ಕಿಹಾಕಿಕೊಂಡಾಗ ಯೂಟ್ಯೂಬಿನಾಗ ಜಾಸ್ತಿ ಉತ್ತರ ಸಿಗೋದು ಮಿಂಟ್, ಉಬುಂಟುವಿಗೆ. ಇದು ಕಲಿತವರಿಗೆ ಮಾತ್ರ ಅಂತ ಹೆದರೋರು ಕಾಸರಗೋಡಿನ ಕಡೆ ನೋಡಬೇಕು: ಕೇರಳದ ಸರ್ಕಾರಿ ಶಾಲೆ ಮಕ್ಕಳು ಕಂಪ್ಯೂಟರ್ ಕಲಿಯೋದೇ ಲಿನಕ್ಸ್ ಮೇಲೆ, ಅಲ್ಲಿನ ಕನ್ನಡ ಮಾಧ್ಯಮದವರೂ ಸೇರಿ.

ನಮ್ಮವರಿಗೆ ಖರೆ ತ್ರಾಸು ಬರೋದು ನುಡಿ ವಿಷಯದಾಗ. ಕನ್ನಡ ಗಣಕ ಪರಿಷತ್ತಿನ ನುಡಿ ವಿಂಡೋಸಿಗೆ ಮಾಡಿದ ತಂತ್ರಾಂಶ. ಆದರೆ ಬೆರಳಿಗೆ ರೂಢಿಯಾದ ಆ ಕೀಲಿಮಣೆ ವಿನ್ಯಾಸ ಲಿನಕ್ಸ್‌ನಲ್ಲೂ ಇದೆ. ಐಬಸ್ ಮತ್ತು ಎಂ17ಎನ್ ಎಂಬ ಎರಡು ಪ್ಯಾಕೇಜ್ ಹಾಕಿ, ಕನ್ನಡದ ಪಟ್ಟಿಯಲ್ಲಿ ‘ಕೆಜಿಪಿ’ ಆರಿಸಬೇಕು. ಹಳೇ ನುಡಿ ಫೈಲುಗಳ ಕತೆ ಬೇರೆ. ಅವು ಯೂನಿಕೋಡ್ ಅಲ್ಲ, ಅಕ್ಷರ ಕಾಣಲು ಆ ಫಾಂಟ್‌ಗಳನ್ನು ಹೊಸ ವ್ಯವಸ್ಥೆಗೂ ನಕಲು ಮಾಡಬೇಕು. ಹಳೇ ಬಾಂಡು, ಅರ್ಜಿ ತೆರೆದು ಮುಂದುವರಿಸಿ ಟೈಪ್ ಮಾಡೋದಾದ್ರೆ ಮೊದಲು ಯೂನಿಕೋಡಿಗೆ ಬದಲಿಸಿಕೊಳ್ಳಬೇಕು. ಹೊಸಾ ಕೆಲಸಕ್ಕೆ ಲಿಬ್ರೆ ಆಫೀಸ್ ಮಿಂಟ್ ಜೊತೆಗೇ ಬರುತ್ತದೆ.

ಟ್ಯಾಲಿ ಪ್ರೈಮ್ ಮೇಲೆ ಲೆಕ್ಕ ಬರೆಯುವವರು, ಪೇಜ್‌ಮೇಕರ್, ಕೋರಲ್‌ಡ್ರಾ ಮೇಲೆ ಲಗ್ನಪತ್ರಿಕೆ ಮಾಡೋರು ಪೂರ್ತಿ ಬದಲಾಗಬಾರದು, ಅವು ವಿಂಡೋಸಿನವು. ಬೆರಳಚ್ಚು ಮಷಿನ್ ಇಟ್ಟವರು ಅದರ ಆರ್‌ಡಿ ಸರ್ವಿಸ್ ಲಿನಕ್ಸ್‌ನಲ್ಲಿ ನಡೆಯುತ್ತದೋ ಇಲ್ಲವೋ ಅಂತ ಕಂಪನಿಗೆ ಮೊದಲೇ ಕೇಳಬೇಕು. ಪ್ರಿಂಟರ್ ಕೂಡ ನೋಡ್ರಿ: ಎಚ್‌ಪಿಯ ಬಹಳಷ್ಟು ಮಾಡೆಲ್ ಸಲೀಸಾಗಿ ಹಿಡಿಯುತ್ತವೆ, ಅಂಗಡಿಗಳಲ್ಲಿ ಕಾಣುವ ಕ್ಯಾನನ್ ಎಲ್‌ಬಿಪಿ 2900ಕ್ಕೆ ಮಾತ್ರ ಬೇರೆ ಡ್ರೈವರ್ ಹಾಕಿ ಗುದ್ದಾಡಬೇಕಾಗುತ್ತದೆ.

ಹಾಕುವ ಮುಂಚೆ ಪರೀಕ್ಷೆ ಮಾಡಬಹುದು. 8 ಜಿಬಿ ಪೆನ್‌ಡ್ರೈವ್‌ಗೆ ರುಫಸ್‌ನಿಂದ ಮಿಂಟ್ ಬರೆದು, ಅದರಿಂದಲೇ ಕಂಪ್ಯೂಟರ್ ಶುರು ಮಾಡಿದರೆ ಒಳಗಿನ ವಿಂಡೋಸ್ ಹಾಗೇ ಇರುತ್ತದೆ. ವೈಫೈ, ಪ್ರಿಂಟರ್, ಭೂಮಿ, ಸೇವಾ ಸಿಂಧು ಎಲ್ಲಾ ಒಂದು ದಿನ ನಡೆಸಿ ನೋಡಬೇಕು. ಸರಿ ಅನಿಸಿದರೆ ಫೈಲುಗಳನ್ನೆಲ್ಲ ಬೇರೆ ಹಾರ್ಡ್‌ಡಿಸ್ಕಿಗೆ ತೆಗೆದಿಟ್ಟು ಆಮೇಲೆ ಇನ್‌ಸ್ಟಾಲ್ ಒತ್ತಬೇಕು. ಅಲ್ಲಿ ಡಿಸ್ಕ್ ಅಳಿಸೋ ಆಯ್ಕೆ ಕೇಳುತ್ತದೆ; ವಿಂಡೋಸೂ ಉಳಿಯಬೇಕು ಅನ್ನೋರು ಅದನ್ನು ಮುಟ್ಟದೆ, ಎರಡೂ ಜೊತೆಗಿರುವ ಆಯ್ಕೆಯನ್ನೇ ಹಿಡಿಯಬೇಕು.