ಮನೆಯೊಳಗೇ ತರಕಾರಿ ಸಸಿ: ಮೊದಲ ಇಪ್ಪತ್ತು ದಿನಗಳೇ ನಿರ್ಣಾಯಕ

ಟೊಮೆಟೊ ಬೀಜ ಬಿತ್ತಿದ ವಾರದಲ್ಲಿ ಹಸಿರು ಮೊಳಕೆಗಳು ಸಾಲುಗಟ್ಟಿ ಏಳುತ್ತವೆ. ಮನೆಮಂದಿ ಸಂಭ್ರಮಿಸುವಷ್ಟರಲ್ಲಿ ಒಂದು ಬೆಳಿಗ್ಗೆ ಅವೆಲ್ಲ ಬುಡ ಮೆತ್ತಗಾಗಿ ನೆಲಕ್ಕೊರಗಿರುತ್ತವೆ. ನಗರಗಳ ತಾರಸಿ ಮತ್ತು ಬಾಲ್ಕನಿ ತೋಟಗಳಲ್ಲಿ ಅನೇಕರ ಉತ್ಸಾಹ ಕುಂದುವುದು ಇಲ್ಲಿಯೇ. ದೋಷ ಬೀಜದ್ದೆಂದು ಭಾವಿಸುವವರೇ ಹೆಚ್ಚು. ಆದರೆ ಬಹುತೇಕ ಸಂದರ್ಭಗಳಲ್ಲಿ ಕಾರಣ ಅತಿಯಾದ ನೀರು ಮತ್ತು ಸಾಲದ ಬೆಳಕು.

ಯಾವುದಕ್ಕೆ ಸಸಿಮಡಿ?

ಟೊಮೆಟೊ, ಬದನೆ, ಮೆಣಸಿನಕಾಯಿ, ಎಲೆಕೋಸು, ಹೂಕೋಸುಗಳನ್ನು ಸಸಿ ಮಾಡಿ ನಾಟಿ ಮಾಡುವುದು ರೂಢಿ. ಮೂಲಂಗಿ, ಕ್ಯಾರೆಟ್‌ಗಳ ಬೇರೇ ಗಡ್ಡೆಯಾಗುವುದರಿಂದ ಕಿತ್ತು ನೆಟ್ಟರೆ ಗಡ್ಡೆ ಸೊಟ್ಟಗಾಗುತ್ತದೆ. ಬೆಂಡೆ, ಹುರುಳಿಕಾಯಿ, ಕೊತ್ತಂಬರಿಯನ್ನೂ ನೇರವಾಗಿ ಕುಂಡದಲ್ಲಿಯೇ ಬಿತ್ತುವುದು ಲೇಸು.

ಮಾಧ್ಯಮದ ಸಿದ್ಧತೆ

ತೋಟದ ಮಣ್ಣು ಸಣ್ಣ ಬಟ್ಟಲಿನಲ್ಲಿ ಗಟ್ಟಿಯಾಗುತ್ತದೆ. ರೋಗಾಣುಗಳನ್ನೂ ಹೊತ್ತು ತರಬಹುದು. ಆದ್ದರಿಂದ ಮೂರು ಪಾಲು ಕೋಕೋಪೀಟ್‌ಗೆ ಒಂದು ಪಾಲು ಜರಡಿ ಹಿಡಿದ ಎರೆಗೊಬ್ಬರ ಬೆರೆಸಿ ಬಳಸಬಹುದು. ತೆಂಗಿನ ನಾರಿನ ಈ ಪುಡಿಯಲ್ಲಿ ಲವಣಾಂಶವಿರುವ ಸಾಧ್ಯತೆಯಿದ್ದು, ಎರಡು ಮೂರು ಬಾರಿ ನೀರಿನಲ್ಲಿ ತೊಳೆದು ಹಿಂಡಬೇಕು. ಚಿಟಿಕೆ ಟ್ರೈಕೋಡರ್ಮ ಪುಡಿ ಸೇರಿಸಿದರೆ ಬುಡ ಕೊಳೆಸುವ ಶಿಲೀಂಧ್ರಗಳಿಗೆ ತಡೆ. ಪ್ರೋಟ್ರೇ ಇಲ್ಲದವರು ತಳಕ್ಕೆ ತೂತು ಮಾಡಿದ ಮೊಸರಿನ ಡಬ್ಬಿಯನ್ನು ಉಪಯೋಗಿಸಬಹುದು.

ಬಿತ್ತನೆ ಅರ್ಧದಿಂದ 1 ಸೆಂ.ಮೀ. ಆಳಕ್ಕೆ ಸಾಕು. ಒದ್ದೆ ಪತ್ರಿಕೆ ಹಾಸಿ ತೇವ ಕಾಯ್ದುಕೊಂಡು, ಮೊದಲ ಮೊಳಕೆ ಕಂಡ ದಿನವೇ ಅದನ್ನು ತೆಗೆಯಬೇಕು. ಟೊಮೆಟೊ 5ರಿಂದ 8 ದಿನಗಳಲ್ಲಿ ಮೊಳೆಯುತ್ತದೆ. ಮೆಣಸಿನಕಾಯಿ ನಿಧಾನ, ಚಳಿಗಾಲದಲ್ಲಿ ಎರಡು ವಾರ ಮೀರಿದರೂ ಗಾಬರಿ ಬೇಡ.

ಬೆಳಕು ಮತ್ತು ನೀರು

ಕೋಣೆಯ ಒಳಗಿಟ್ಟ ಸಸಿ ಬೆಳಕನ್ನರಸಿ ನೀಳವಾಗಿ, ಬಿಳಿಚಿಕೊಂಡು ಬೆಳೆಯುತ್ತದೆ. ಇಂಥ ಕಾಂಡಕ್ಕೆ ಕಸುವಿಲ್ಲ. ಆದ್ದರಿಂದ ಮೊಳೆತ ಕೂಡಲೇ ತಟ್ಟೆಯನ್ನು ಬೆಳಗಿನ ಬಿಸಿಲು ಬೀಳುವ ಪೂರ್ವದ ಕಿಟಕಿಗೋ ಬಾಲ್ಕನಿಗೋ ಸಾಗಿಸಿ, ದಿನಕ್ಕೊಮ್ಮೆ ತಿರುಗಿಸಬೇಕು. ಮೇಲ್ಪದರ ಒಣಗುತ್ತ ಬಂದಾಗ ಮಾತ್ರ ನೀರು; ಅದನ್ನೂ ಕೆಳಗಿನ ತಟ್ಟೆಗೆ ಹಾಕಿ, ಅರ್ಧ ಗಂಟೆಯ ಬಳಿಕ ಉಳಿದುದನ್ನು ಚೆಲ್ಲುವುದು ಕ್ಷೇಮ. ಸದಾ ಒದ್ದೆಯಾದ, ಗಾಳಿಯಾಡದ ಮಡಿಯಲ್ಲಿ ಪಿಥಿಯಂನಂಥ ರೋಗಾಣುಗಳು ಬೇಗ ಹಬ್ಬುತ್ತವೆ. ಒತ್ತಾಗಿ ಬೆಳೆದ ಸಸಿಗಳಲ್ಲಿ ಒಂದನ್ನುಳಿಸಿ, ಮಿಕ್ಕವನ್ನು ಕೀಳದೆ ಕತ್ತರಿಯಿಂದ ಕತ್ತರಿಸಬೇಕು.

ಬೀಜದ ಆಯ್ಕೆ

ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ 'ಅರ್ಕಾ ರಕ್ಷಕ್' ಟೊಮೆಟೊ ಎಲೆ ಮುರುಟು ನಂಜು, ದುಂಡಾಣು ಸೊರಗು ಮತ್ತು ಅಂಗಮಾರಿ ರೋಗಗಳನ್ನು ತಡೆದುಕೊಳ್ಳುತ್ತದೆ. ಆದರೆ ಇದು ಸಂಕರಣ ತಳಿ. ಹಣ್ಣಿನ ಬೀಜ ಉಳಿಸಿ ಬಿತ್ತಿದರೆ ಅದೇ ಗುಣ ದೊರೆಯದು. ಬೀಜ ಉಳಿಸಿಕೊಳ್ಳಬಯಸುವವರಿಗೆ ಅದೇ ಸಂಸ್ಥೆಯ 'ಅರ್ಕಾ ವಿಕಾಸ್' ಸೂಕ್ತ.

ನಾಟಿಗೆ ಮುನ್ನ

ಟೊಮೆಟೊ ಸಸಿ 25ರಿಂದ 30 ದಿನಗಳಲ್ಲಿ, ಮೆಣಸಿನಕಾಯಿ 35ರಿಂದ 40 ದಿನಗಳಲ್ಲಿ ನಾಟಿಗೆ ಸಿದ್ಧ. ಅದಕ್ಕೆ ವಾರ ಮೊದಲೇ ನೀರು ಕಡಿಮೆ ಮಾಡಿ, ದಿನಕ್ಕೆ ಒಂದೊಂದು ಗಂಟೆ ಹೆಚ್ಚಿಸುತ್ತ ಬಿಸಿಲಿಗೆ ಒಗ್ಗಿಸಬೇಕು. ನಾಟಿ ಸಂಜೆಯಾಗಲಿ. ಟೊಮೆಟೊ ಕಾಂಡವನ್ನು ತುಸು ಆಳಕ್ಕೆ ಹೂಳಿದರೆ ಅಲ್ಲಿಂದಲೂ ಬೇರೊಡೆಯುತ್ತದೆ. ಉದ್ದವಾಗಿ ಸೊರಗಿದ ಸಸಿಗೂ ಇದರಿಂದ ಮರುಜೀವ ಸಿಕ್ಕೀತು.