ನೂರರ ಕರಾರು, ನಾಲ್ಕರ ನೆಟ್

ಗಂಗಾವತಿಯ ನಮ್ಮ ಬಾಡಿಗೆ ಮನೆಯಲ್ಲಿ ಇಶಾ ನಮಾಜ್ ಆದ ಮೇಲಿನ ಹೊತ್ತು ಊರಿಗೆ ಮೀಸಲು. ಅಂಗಡಿಯ ಶಟರ್ ಇಳಿಸಿ ಬಂದು, ಊಟಕ್ಕೆ ಮೊದಲು ಉಳ್ಳಾಲದಲ್ಲಿರುವ ಉಮ್ಮನಿಗೆ ವಿಡಿಯೊ ಕರೆ ಮಾಡುವುದು ವರ್ಷಗಳ ರೂಢಿ. ಕಳೆದ ವರ್ಷ ಒಂದು ರಾತ್ರಿ ಉಮ್ಮ ಕಣ್ಣಿನ ಡಾಕ್ಟರು ಹೇಳಿದ್ದನ್ನು ವಿವರಿಸುತ್ತಿದ್ದರು. "ಆಪರೇಷನ್ ಮಾಡದಿದ್ದರೆ..." ಅನ್ನುವಲ್ಲಿಗೆ ಚಿತ್ರ ನಿಂತುಬಿಟ್ಟಿತು. ಬಾಯಿ ಅರ್ಧ ತೆರೆದ ಹಾಗೇ ಉಮ್ಮ ಪರದೆಯ ಮೇಲೆ ಉಳಿದರು. ಪಕ್ಕದ ಕೋಣೆಯಲ್ಲಿ ಪಿಯುಸಿ ಓದುವ ಮಗಳು, "ನನ್ನ ಕ್ಲಾಸೂ ನಿಂತಿತು" ಅಂತ ಕೂಗಿದಳು. ಕೊನೆಗೆ ಮೊಬೈಲಿನಲ್ಲಿ ಮಾಮೂಲಿ ಕರೆ ಮಾಡಿ ಉಳಿದ ಮಾತು ಕೇಳಿಸಿಕೊಂಡೆವು.

ಮನೆಗೆ ಬಂದಿದ್ದದ್ದು ನೂರು ಎಂಬಿಪಿಎಸ್ ಅಂತ ಹೇಳಿದ ಫೈಬರ್ ಸಂಪರ್ಕ. ರೂಟರ್ ಫ್ರೀ, ಜೋಡಣೆ ಫ್ರೀ, ಒಂದೂವರೆ ಸಾವಿರ ಠೇವಣಿ. ಒಂದೇ ಷರತ್ತು: ಒಂದು ವರ್ಷ ಬಿಡುವ ಹಾಗಿಲ್ಲ, ಬಿಟ್ಟರೆ ಎರಡು ಸಾವಿರ ಕಟ್ಟಬೇಕು. ಆಗ ನಾಲ್ಕು ತಿಂಗಳಷ್ಟೇ ಆಗಿತ್ತು. ಬಿಟ್ಟುಬಿಡೋಣ ಅಂದಾಗ ಉಮ್ಮ ಕೇಳಿದ್ದು ಒಂದೇ ಮಾತು: "ಒಪ್ಪಿ ಸಹಿ ಹಾಕಿದ ಮೇಲೆ ಮುರಿಯುವುದು ಸರಿಯಾ?"

ಆ ಪ್ರಶ್ನೆಗೆ ಉತ್ತರ ಹುಡುಕಿ ನಾವು ಓಡಾಡಿದ ಕಥೆ ಇದು. ನಮ್ಮವರು ಬಹಳ ಮನೆಗಳಲ್ಲಿ ಇದೇ ಕರಾರಿಗೆ ಸಹಿ ಹಾಕಿ ಕೂತಿದ್ದಾರೆ. ಅದಕ್ಕೇ ಬರೆಯುತ್ತಿದ್ದೇವೆ.

ನಾಲ್ಕು ಊರು, ನಾಲ್ಕು ಅನುಭವ

ಕರಾವಳಿಯಿಂದ ವ್ಯಾಪಾರಕ್ಕೆ ಅಂತ ಘಟ್ಟ ಹತ್ತಿದ ನಮ್ಮವರು ಕೊಪ್ಪಳ ಜಿಲ್ಲೆಯಲ್ಲೂ ಅಲ್ಲಲ್ಲಿ ಇದ್ದಾರೆ. ಮೊದಲು ಅವರನ್ನೇ ವಿಚಾರಿಸಿದೆವು.

ಕುಷ್ಟಗಿ ಹಳೆಯ ಸೊಲ್ಲಾಪುರ–ಮಂಗಳೂರು ಹೆದ್ದಾರಿಯ ಮೇಲಿನ ಊರು. ಅಲ್ಲಿ ಬೇಕರಿ ಇಟ್ಟಿರುವ ನಮ್ಮ ಪರಿಚಯದವರೂ ನೆಟ್ ಸ್ಲೋ ಅಂತ ಕಂಪನಿಗೆ ಬೈದು ಬೈದು ಸುಸ್ತಾಗಿದ್ದರು. ಹೋಗಿ ನೋಡಿದರೆ ರೂಟರನ್ನು ದೊಡ್ಡ ಫ್ರಿಜ್ಜಿನ ಹಿಂದೆ, ಕಬ್ಬಿಣದ ರ‍್ಯಾಕಿನ ಕೆಳಗೆ ತುರುಕಿದ್ದಾರೆ! ವೈಫೈ ಅಂದರೆ ರೇಡಿಯೊ ಅಲೆ. ಕಬ್ಬಿಣ ಅದನ್ನು ತಡೆಯುತ್ತದೆ, ದಪ್ಪ ಕಲ್ಲಿನ ಗೋಡೆ ಹೀರುತ್ತದೆ. ರೂಟರನ್ನು ಎತ್ತರದ ಶೆಲ್ಫಿಗೆ ತಂದಿಟ್ಟ ದಿನವೇ ಅವರ ಜಗಳ ಮುಗಿಯಿತು. ಅಲ್ಲಿ ತಪ್ಪು ಕಂಪನಿಯದ್ದಾಗಿರಲಿಲ್ಲ.

ಕೊಪ್ಪಳದ ಒಬ್ಬರು ರಿಯಾಯಿತಿ ಸಿಗುತ್ತದೆ ಅಂತ ವರ್ಷದ ಹಣ ಒಂದೇ ಸಲ ಕಟ್ಟಿಬಿಟ್ಟಿದ್ದರು. ವೇಗ ಬರಲಿಲ್ಲ, ಉಳಿದ ತಿಂಗಳ ದುಡ್ಡು ಕೇಳಿದರೆ "ಆಫರ್ ಪ್ಲಾನಿಗೆ ರೀಫಂಡ್ ಇಲ್ಲ" ಅಂದರು. ದುಡ್ಡು ಆ ಕಡೆ ಹೋಗಿ ಆದ ಮೇಲೆ ಇವರ ಫೋನಿಗೆ ಅವಸರದಲ್ಲಿ ಉತ್ತರ ಕೊಡುವವರು ಯಾರು?

ಯಲಬುರ್ಗಾದವರು ಇನ್ನೊಂದು ದಾರಿ ಹಿಡಿದರು. ಸಿಟ್ಟು ಬಂತು, ವೈರ್ ಕಿತ್ತರು, ಬಿಲ್ ಕಟ್ಟುವುದು ನಿಲ್ಲಿಸಿದರು. ಸಂಪರ್ಕ ಬೇಡ ಅಂತ ಬರೆದು ಕೊಡಲಿಲ್ಲ, ರೂಟರೂ ಮನೆಯಲ್ಲೇ ಉಳಿಯಿತು. ಮೂರು ತಿಂಗಳ ಬಿಲ್ಲು, ರೂಟರಿನ ಬೆಲೆ, ಬಿಡುವ ಶುಲ್ಕ ಎಲ್ಲ ಸೇರಿ ವಸೂಲಿಯವರ ಫೋನ್ ಶುರುವಾಯಿತು. ಮಗಳ ಮದುವೆ ತಯಾರಿಯ ನಡುವೆ ಈ ಕಿರಿಕಿರಿ ಬೇಡ ಅಂತ ಪೂರ್ತಿ ಕಟ್ಟಿ ಮುಗಿಸಿದರು.

ನಮ್ಮ ಗಂಗಾವತಿಯ ಲೈನ್‌ಮನ್ ಹುಡುಗನದ್ದು ಪ್ರಾಮಾಣಿಕ ಉತ್ತರ. "ಸಂಜೀ ಮುಂದ ಎಲ್ಲಾರೂ ಒಮ್ಮೆಗೇ ಹಚ್ತಾರ್ರೀ, ಲೋಡ್ ಆಗತೈತಿ. ಮುಂಜಾನೆ ನೋಡ್ರಿ, ಮಸ್ತ್ ಬರತೈತಿ." ಒಂದೇ ದೊಡ್ಡ ಲೈನನ್ನು ಎಷ್ಟೋ ಮನೆಗಳಿಗೆ ಹಂಚಿರುತ್ತಾರೆ. ಎಲ್ಲರೂ ಒಟ್ಟಿಗೆ ನಲ್ಲಿ ತಿರುಗಿಸಿದರೆ ಕೊನೆಯ ಮನೆಗೆ ಹನಿ ನೀರು ಬಂದ ಹಾಗೆ. ಎಷ್ಟು ಮನೆಗೆ ಹಂಚಬೇಕು ಅನ್ನುವುದು ಕಂಪನಿಯ ಕೈಯಲ್ಲಿದೆ, ನಮ್ಮ ಕೈಯಲ್ಲಿಲ್ಲ.

ಮಗಳ ನೋಟ್‌ಬುಕ್

ಕುಷ್ಟಗಿಯಲ್ಲಿ ಕಂಡದ್ದು ನಮ್ಮಲ್ಲೂ ಇದ್ದರೆ? ಅದಕ್ಕೆ ಮೊದಲು ವೈಫೈ ಬಿಟ್ಟು, ರೂಟರಿನಿಂದ ಲ್ಯಾಪ್‌ಟಾಪಿಗೆ ನೇರ ಕೇಬಲ್ ಹಾಕಿದೆವು. ಬೇರೆ ಯಾವ ಫೋನೂ ಜೋಡಿಸದೆ ಸ್ಪೀಡ್ ಟೆಸ್ಟ್ ಮಾಡಿದೆವು. ಬೆಳಿಗ್ಗೆ 6, ಮಧ್ಯಾಹ್ನ 2, ರಾತ್ರಿ 9: ದಿನಕ್ಕೆ ಮೂರು ಸಲ, ಹದಿನಾಲ್ಕು ದಿನ. ಮಗಳು ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು ಬರೆದಳು, ಪ್ರತಿ ಸಲ ಪರದೆಯ ಫೋಟೊ ತೆಗೆದಳು. ಬೆಳಿಗ್ಗೆ ತೊಂಬತ್ತರ ಮೇಲೆ, ಮಧ್ಯಾಹ್ನ ಅರವತ್ತರ ಹತ್ತಿರ. ರಾತ್ರಿ ಒಂಬತ್ತಕ್ಕೆ ಮೂರು, ನಾಲ್ಕು, ಹೆಚ್ಚೆಂದರೆ ಆರು.

ಇಲ್ಲಿ ಒಂದು ಗೊಂದಲ ಬಿಡಿಸಿಕೊಳ್ಳಬೇಕು. ಕಂಪನಿ ಹೇಳುವುದು ಮೆಗಾಬಿಟ್ ಲೆಕ್ಕ, ಫೋನಿನಲ್ಲಿ ಫೈಲ್ ಇಳಿಸುವಾಗ ಹೆಚ್ಚಾಗಿ ಕಾಣುವುದು ಮೆಗಾಬೈಟ್ ಲೆಕ್ಕ. ಎಂಟು ಬಿಟ್ ಸೇರಿದರೆ ಒಂದು ಬೈಟ್. ಹಾಗಾಗಿ ನೂರು ಎಂಬಿಪಿಎಸ್ ಪೂರ್ತಿ ಬಂದರೂ ಸೆಕೆಂಡಿಗೆ ಇಳಿಯುವುದು 12.5 ಮೆಗಾಬೈಟ್. ಇದು ಗೊತ್ತಿಲ್ಲದೆ ಸರಿಯಾದ ಸಂಪರ್ಕವನ್ನೂ ಮೋಸ ಅನ್ನುವವರಿದ್ದಾರೆ.

ಇನ್ನೊಂದು ವಿಷಯ. 2023ರ ಜನವರಿಯಿಂದ ನಮ್ಮ ದೇಶದಲ್ಲಿ ಬ್ರಾಡ್‌ಬ್ಯಾಂಡ್ ಅನ್ನಿಸಿಕೊಳ್ಳಲು ಬೇಕಾದ ಕನಿಷ್ಠ ವೇಗ 2 ಎಂಬಿಪಿಎಸ್. ಅದಕ್ಕೆ ಮೊದಲು 512 ಕೆಬಿಪಿಎಸ್ ಇತ್ತು. ಅಂದರೆ ರಾತ್ರಿ ನಾಲ್ಕು ಬಂದರೂ ಸರಕಾರದ ಲೆಕ್ಕದಲ್ಲಿ ಅದು ಬ್ರಾಡ್‌ಬ್ಯಾಂಡೇ! ಆದ್ದರಿಂದ "ಇದು ಬ್ರಾಡ್‌ಬ್ಯಾಂಡೇ ಅಲ್ಲ" ಅಂತ ವಾದಿಸಿ ಪ್ರಯೋಜನವಿಲ್ಲ. "ನೀವು ನೂರು ಅಂತ ಹೇಳಿ ಹಣ ತಗೊಂಡಿರಿ, ಕೊಟ್ಟದ್ದು ನಾಲ್ಕು" ಅನ್ನುವುದೇ ನಮ್ಮ ವಾದ ಆಗಬೇಕು. ಜಾಹೀರಾತಿನ "ವರೆಗೆ" ಅನ್ನುವ ಸಣ್ಣ ಅಕ್ಷರವನ್ನು ಅವರು ತೋರಿಸುತ್ತಾರೆ. ನಮಗೂ ತೋರಿಸಿದರು. ದಿನವೂ ಬಳಸುವ ಹೊತ್ತಿನಲ್ಲೇ ಇಪ್ಪತ್ತರಲ್ಲಿ ಒಂದು ಪಾಲು ಬಂದರೆ ಅದು ಯಾವ "ವರೆಗೆ" ಅಂತ ನಾವೂ ಕೇಳಿದೆವು.

ದೂರಿನ ಮೆಟ್ಟಿಲು

ಲಂಡನ್ನಿನಲ್ಲಿ ಓದುವ ಸಂಬಂಧಿ ಹುಡುಗ ಅಲ್ಲಿಯ ಕ್ರಮ ಹೇಳಿದ. ಬ್ರಿಟನ್ನಿನ ನಿಯಂತ್ರಕ ಸಂಸ್ಥೆ ಆಫ್‌ಕಾಮ್‌ನ ಸಂಹಿತೆಯ ಪ್ರಕಾರ, ಅದಕ್ಕೆ ಒಪ್ಪಿದ ಕಂಪನಿಗಳು ಮಾರುವಾಗಲೇ ಕನಿಷ್ಠ ಖಾತರಿ ವೇಗ ಎಷ್ಟು ಅಂತ ಹೇಳಬೇಕು. ವೇಗ ಅದಕ್ಕಿಂತ ಕೆಳಗೆ ಇಳಿದರೆ ಸರಿಪಡಿಸಲು 30 ದಿನ. ಆಗದಿದ್ದರೆ ಗ್ರಾಹಕ ದಂಡವಿಲ್ಲದೆ ಕರಾರು ಬಿಡಬಹುದು. 2019ರ ಮಾರ್ಚ್ 1ರಿಂದ ಹೀಗೆ ನಡೆಯುತ್ತಿದೆ.

ನಮ್ಮಲ್ಲಿ ದಾರಿ ಸ್ವಲ್ಪ ಸುತ್ತು, ಆದರೆ ದಾರಿ ಇದೆ. ಟ್ರಾಯ್‌ಗೆ ಒಂದು ಪತ್ರ ಬರೆದರೆ ಸಾಕು ಅಂತ ಹಲವರು ತಿಳಿದಿದ್ದಾರೆ. ಟ್ರಾಯ್ ನಿಯಮ ಮಾಡುವ ಸಂಸ್ಥೆ. ಒಬ್ಬೊಬ್ಬರ ದೂರು ತೀರ್ಮಾನಿಸುವುದು ಅದರ ಕೆಲಸವಲ್ಲ. ಅದು 2012ರಲ್ಲಿ ಮಾಡಿದ ದೂರು ಪರಿಹಾರ ನಿಯಮದಲ್ಲಿ ಎರಡು ಮೆಟ್ಟಿಲಿವೆ. ಮೊದಲನೆಯದು ಕಂಪನಿಯ ದೂರು ಕೇಂದ್ರ. ಅಲ್ಲಿ ಪ್ರತಿ ದೂರಿಗೂ ಡಾಕೆಟ್ ನಂಬರ್ ಕೊಡಲೇಬೇಕು. ಅಲ್ಲಿ ಪರಿಹಾರ ಸಿಗದಿದ್ದರೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರ. ಮೇಲ್ಮನವಿಗೆ ಶುಲ್ಕವಿಲ್ಲ, 39 ದಿನದೊಳಗೆ ತೀರ್ಮಾನ ಆಗಬೇಕು.

ಅಂಗಡಿಗೆ ಬಂದ ಏಜೆಂಟನ ಮೇಲೆ ಕೂಗಾಡಿದ್ದು ದೂರು ಅಲ್ಲ. ನಂಬರ್ ಸಿಕ್ಕಿದ್ದು ಮಾತ್ರ ದೂರು. ನಾವೂ ಮೊದಲ ಎರಡು ತಿಂಗಳು ಏಜೆಂಟನಿಗೇ ಫೋನ್ ಮಾಡುತ್ತಿದ್ದೆವು. ಅದರ ಗುರುತು ಎಲ್ಲೂ ಉಳಿಯಲಿಲ್ಲ.

ಇದೂ ಆಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915, ಆಮೇಲೆ ಗ್ರಾಹಕ ಆಯೋಗ. ದೂರವಾಣಿ ಕಂಪನಿಗಳ ಮೇಲೆ ಅಲ್ಲಿಗೆ ಹೋಗುವ ಹಾಗಿಲ್ಲ ಅನ್ನುವ ಮಾತು ಹಿಂದೆ ಇತ್ತು. ಅಹಮದಾಬಾದಿನ ಗ್ರಾಹಕರೊಬ್ಬರು ಬಿಲ್ ಜಾಸ್ತಿ ಬಂತು ಅಂತ 2014ರಲ್ಲಿ ಅಲ್ಲಿಯ ಜಿಲ್ಲಾ ವೇದಿಕೆಗೆ ಹೋದರು. ಇಂಥ ವಿವಾದ 1885ರ ಟೆಲಿಗ್ರಾಫ್ ಕಾಯ್ದೆಯಂತೆ ಮಧ್ಯಸ್ಥಿಕೆಗೇ ಹೋಗಬೇಕು ಅಂತ ಮೊಬೈಲ್ ಕಂಪನಿ ಸುಪ್ರೀಂ ಕೋರ್ಟ್‌ವರೆಗೆ ವಾದಿಸಿತು. 2022ರ ಫೆಬ್ರುವರಿ 16ರಂದು ಕೋರ್ಟ್ ಅದನ್ನು ಒಪ್ಪಲಿಲ್ಲ. ಗ್ರಾಹಕ ವೇದಿಕೆಯ ಬಾಗಿಲು ತೆರೆದೇ ಇದೆ ಅಂದಿತು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಸೇವೆಗಳ ಪಟ್ಟಿಯಲ್ಲಿ ಟೆಲಿಕಾಂ ಅನ್ನುವ ಶಬ್ದವನ್ನೇ ಸೇರಿಸಿದೆ.

ಈಗ ನಾವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು, ಕಂಪನಿಯ ಕಚೇರಿ ಬೆಂಗಳೂರಿನಲ್ಲೋ ಮುಂಬೈಯಲ್ಲೋ ಇರಲಿ. ನಮಗೆ ಕೊಪ್ಪಳ. ಸೇವೆಗೆ ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ. ಎರಡು ವರ್ಷದೊಳಗೆ ಹೋಗಬೇಕು. ಆದ ನಷ್ಟಕ್ಕೆ ಸಂಬಂಧವೇ ಇಲ್ಲದ ದಂಡ ಹಾಕುವ ಕರಾರನ್ನು ಅದೇ ಕಾಯ್ದೆ ಅನ್ಯಾಯದ ಕರಾರು ಅನ್ನುತ್ತದೆ. ಆ ವಾದಕ್ಕೆ ಮಾತ್ರ ಬೆಂಗಳೂರಿನ ರಾಜ್ಯ ಆಯೋಗಕ್ಕೆ ಹೋಗಬೇಕು. ಸೇವೆಯ ಕೊರತೆ ಅನ್ನುವ ದೂರಿಗೆ ಕೊಪ್ಪಳವೇ ಸಾಕು.

ನಮ್ಮದು ಮುಗಿದದ್ದು ಹೀಗೆ

ನಾವು ಆಯೋಗದವರೆಗೆ ಹೋಗಬೇಕಾಗಲಿಲ್ಲ. ಮೂರು ಡಾಕೆಟ್ ನಂಬರ್, ಹದಿನಾಲ್ಕು ದಿನದ ಲೆಕ್ಕ, ಫೋಟೊಗಳು ಎಲ್ಲ ಸೇರಿಸಿ ಇಮೇಲ್ ಕಳಿಸಿದೆವು. ಮೊದಲು ಬಂದ ಉತ್ತರ: "ಇನ್ನೂರರ ಪ್ಲಾನಿಗೆ ಬನ್ನಿ, ಸರಿಯಾಗುತ್ತದೆ." ರಸ್ತೆಯೇ ಜಾಮ್ ಆಗಿರುವಾಗ ದೊಡ್ಡ ಕಾರು ತಗೊಂಡರೆ ಬೇಗ ಮುಟ್ಟುತ್ತೇವಾ? ಬೇಡ ಅಂತ ಬರೆದು ಮೇಲ್ಮನವಿ ಹಾಕಿದೆವು. ಅಷ್ಟೂ ದಿನ ಬಿಲ್ ಮಾತ್ರ ತಪ್ಪದೆ ಕಟ್ಟಿದೆವು. ನಮ್ಮ ಕಡೆ ಬೆರಳು ತೋರಿಸಲು ಏನೂ ಉಳಿಯಬಾರದು ಅಂತ. ನಾಲ್ಕನೇ ವಾರ ಫೋನ್ ಬಂತು. ಬಿಡುವ ಶುಲ್ಕ ಬೇಡ ಅಂದರು, ಕೊನೆಯ ತಿಂಗಳ ಬಿಲ್ ಪೂರ್ತಿ ಹಿಡಿದರು. ಠೇವಣಿ ಒಂದೂವರೆ ತಿಂಗಳ ನಂತರ ಬ್ಯಾಂಕಿಗೆ ಬಂತು. ಪೂರ್ತಿ ಗೆದ್ದೆವು ಅನ್ನುವುದಕ್ಕಿಲ್ಲ. ಆದರೆ ಎರಡು ಸಾವಿರ ಉಳಿಯಿತು, ಎಂಟು ತಿಂಗಳ ಒದ್ದಾಟ ತಪ್ಪಿತು.

ಈಗ ಇರುವುದು ತಿಂಗಳು ತಿಂಗಳು ಕಟ್ಟುವ ಐವತ್ತರ ಪ್ಲಾನ್. ಹಾಕಿಸುವ ಮೊದಲು ಅದೇ ಬೀದಿಯ ಎರಡು ಮನೆಗೆ ಹೋಗಿ ರಾತ್ರಿ ಒಂಬತ್ತಕ್ಕೆ ಎಷ್ಟು ಬರುತ್ತದೆ ಅಂತ ನೋಡಿ ಬಂದೆವು. ನೀವೂ ಹಾಗೆ ಮಾಡಿ. ಎಷ್ಟು ತಿಂಗಳು ಕಟ್ಟಿಹಾಕುತ್ತಾರೆ, ಬಿಟ್ಟರೆ ಎಷ್ಟು, ರೂಟರ್ ಯಾರದ್ದು ಅನ್ನುವ ಮೂರನ್ನೂ ಸಹಿಗೆ ಮೊದಲು ಓದಿ. ಮನೆಯಲ್ಲಿ ಓದುವ ಮಕ್ಕಳಿದ್ದರೆ ಅವರ ಕೈಯಲ್ಲೇ ಓದಿಸಿ.

ಉಮ್ಮನ ಪ್ರಶ್ನೆಗೆ ಉತ್ತರವನ್ನು ಹೊಸ ನೆಟ್ಟಿನ ಮೊದಲ ಕರೆಯಲ್ಲೇ ಹೇಳಿದೆವು. ಕಣ್ಣಿನ ಆಪರೇಷನ್ ಆಗಿ ಕಪ್ಪು ಕನ್ನಡಕ ಹಾಕಿ ಕೂತಿದ್ದರು. "ಕರಾರಿನಲ್ಲಿ ಎರಡು ಕಡೆ ಇದೆ ಉಮ್ಮ. ನಾವು ಕೊನೆಯ ದಿನದವರೆಗೂ ದುಡ್ಡು ಕೊಟ್ಟೆವು. ಅವರು ಹೇಳಿದ್ದು ಕೊಡಲಿಲ್ಲ. ಸರಿ ಮಾಡಿ ಅಂತ ಮೂರು ಸಲ ಹೇಳಿ, ಆಮೇಲೆ ಬಿಟ್ಟೆವು." ಉಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದರು. ಮತ್ತೆ ನೆಟ್ ನಿಂತಿತಾ ಅಂತ ನಮಗೆ ಗಾಬರಿ.

"ಅವರ ರೂಟರ್ ವಾಪಸ್ ಕೊಟ್ಟಿರಲ್ಲ?" ಅಂದರು.

ಕೊಟ್ಟೆವು, ರಸೀದಿಯೂ ಇದೆ ಅಂದೆವು.

"ಹಾಗಾದರೆ ಆಯ್ತು. ರಸೀದಿ ಎತ್ತಿಡಿ."