ಹ್ಯೂಗೋ ಪ್ರಶಸ್ತಿಗೆ ನೀವೂ ಮತ ಹಾಕಬಹುದು

ಸೈನ್ಸ್ ಫಿಕ್ಷನ್, ಫ್ಯಾಂಟಸಿ ಓದುವವರಿಗೆ ಹ್ಯೂಗೋ ಎಂಬ ಹೆಸರು ಹೊಸದಲ್ಲ. ಪುಸ್ತಕದ ಮುಖಪುಟದಲ್ಲೇ ‘ಹ್ಯೂಗೋ ವಿಜೇತ ಕೃತಿ’ ಎಂದು ಅಚ್ಚಾಗಿರುತ್ತದೆ. ಆ ಪ್ರಶಸ್ತಿಯನ್ನು ಯಾವುದೋ ಹಿರಿಯರ ಸಮಿತಿ ಕೊಡುತ್ತದೆ ಎಂದು ಬಹಳ ಮಂದಿ ಅಂದುಕೊಂಡಿದ್ದಾರೆ. ಕೊಡುವವರು ಓದುಗರು. ಶುಲ್ಕ ಕಟ್ಟಿ ಸದಸ್ಯರಾದ ಯಾರು ಬೇಕಾದರೂ ಮತ ಹಾಕಬಹುದು. ನೀವು ಗದಗದಲ್ಲಿದ್ದರೂ ಸರಿ, ದುಬೈಯಲ್ಲಿದ್ದರೂ ಸರಿ.

ಪ್ರತಿ ವರ್ಷ ಒಂದೊಂದು ಊರಿನಲ್ಲಿ ವರ್ಲ್ಡ್‌ಕಾನ್, ಅಂದರೆ ವಿಶ್ವ ಸೈನ್ಸ್ ಫಿಕ್ಷನ್ ಸಮ್ಮೇಳನ ನಡೆಯುತ್ತದೆ. 2024ರಲ್ಲಿ ಗ್ಲಾಸ್ಗೋ, 2025ರಲ್ಲಿ ಸಿಯಾಟಲ್. ಅದರ ಸದಸ್ಯರೇ ಹ್ಯೂಗೋ ಮತದಾರರು. ಮೊದಲ ಪ್ರಶಸ್ತಿ ಕೊಟ್ಟದ್ದು 1953ರಲ್ಲಿ, ಫಿಲಡೆಲ್ಫಿಯಾದಲ್ಲಿ. 1926ರಲ್ಲಿ ‘ಅಮೇಜಿಂಗ್ ಸ್ಟೋರೀಸ್’ ಪತ್ರಿಕೆ ಆರಂಭಿಸಿದ ಹ್ಯೂಗೋ ಗರ್ನ್ಸ್‌ಬ್ಯಾಕ್ ಅವರ ಹೆಸರು ಇದಕ್ಕೆ ಬಂದಿದೆ. ಗೆದ್ದವರಿಗೆ ರಾಕೆಟ್ ಆಕಾರದ ಸ್ಮರಣಿಕೆ ಸಿಗುತ್ತದೆ. ನಗದು ಬಹುಮಾನ ಇಲ್ಲ.

‘ಹಾರರ್ ಕಾದಂಬರಿಗೆ ಇಲ್ಲಿ ಜಾಗ ಇದೆಯೇ?’ ಎಂದು ನೀವು ಕೇಳಬಹುದು. ಅದಕ್ಕೆ ಪ್ರತ್ಯೇಕ ವಿಭಾಗ ಇಲ್ಲ. ಆದರೆ ದೆವ್ವ, ಮಾಟ, ಅತಿಮಾನುಷ ಶಕ್ತಿ ಇರುವ ಹಾರರ್ ಅನ್ನು ಫ್ಯಾಂಟಸಿ ಎಂದು ಪರಿಗಣಿಸಲು ಅಡ್ಡಿಯಿಲ್ಲ. ಯಾವುದು ಈ ಪ್ರಕಾರಕ್ಕೆ ಸೇರುತ್ತದೆ ಎಂಬ ತೀರ್ಮಾನವನ್ನು ಬಹುಮಟ್ಟಿಗೆ ಮತದಾರರಿಗೇ ಬಿಟ್ಟಿದ್ದಾರೆ. ಹಾರರ್ ಮಾತ್ರ ಓದುವವರಿಗೆ ಇದಕ್ಕಿಂತ ಒಳ್ಳೆಯ ದಾರಿ ಇನ್ನೊಂದಿದೆ, ಕೊನೆಗೆ ಹೇಳುತ್ತೇನೆ.

ಮತದಾನ ಎರಡು ಹಂತದ್ದು. ಮೊದಲನೆಯದು ನಾಮನಿರ್ದೇಶನ. ಸಾಮಾನ್ಯವಾಗಿ ವರ್ಷದ ಮೊದಲ ಮೂರು ತಿಂಗಳಲ್ಲಿ ಇದು ಮುಗಿಯುತ್ತದೆ. ಹಿಂದಿನ ವರ್ಷ ಪ್ರಕಟವಾದ ಕೃತಿಗಳಲ್ಲಿ ನಿಮಗೆ ಮೆಚ್ಚುಗೆಯಾದವನ್ನು ಒಂದೊಂದು ವಿಭಾಗಕ್ಕೆ ಐದರವರೆಗೆ ಬರೆಯಬಹುದು. ಐದೂ ತುಂಬಲೇಬೇಕೆಂದಿಲ್ಲ. 40,000 ಪದ ಮತ್ತು ಅದಕ್ಕಿಂತ ಹೆಚ್ಚಿದ್ದರೆ ಕಾದಂಬರಿ, 7,500ಕ್ಕಿಂತ ಕಡಿಮೆಯಿದ್ದರೆ ಸಣ್ಣಕತೆ. ನಡುವೆ ನೀಳ್ಗತೆ, ಕಿರುಕಾದಂಬರಿಗಳಿಗೆ ಬೇರೆ ವಿಭಾಗಗಳಿವೆ. ಪ್ರತಿ ವಿಭಾಗದಿಂದ ಆರು ಕೃತಿಗಳು ಅಂತಿಮ ಪಟ್ಟಿಗೆ ಹೋಗುತ್ತವೆ.

ಆ ಆರನ್ನು ಆರಿಸುವ ಲೆಕ್ಕ ಸ್ವಲ್ಪ ವಿಚಿತ್ರ. ಒಂದು ವಿಭಾಗದಲ್ಲಿ ನಿಮ್ಮ ಕೈಯಲ್ಲಿರುವುದು ಒಂದೇ ಅಂಕ. ಐದು ಪುಸ್ತಕ ಬರೆದರೆ ಒಂದೊಂದಕ್ಕೂ 0.2 ಹೋಗುತ್ತದೆ, ಎರಡೇ ಬರೆದರೆ ಅರ್ಧರ್ಧ. ಪ್ರತಿ ಸುತ್ತಿನಲ್ಲಿ ಅತಿ ಕಡಿಮೆ ಅಂಕದ ಎರಡು ಪುಸ್ತಕಗಳನ್ನು ಎದುರುಬದುರು ಇಡುತ್ತಾರೆ. ಆ ಎರಡರಲ್ಲಿ ಕಡಿಮೆ ಜನ ಹೆಸರಿಸಿದ್ದು ಹೊರಗೆ. ಹೊರಬಿದ್ದದ್ದು ನಿಮ್ಮದಾದರೆ ಅದರ ಪಾಲು ನಿಮ್ಮ ಉಳಿದ ಪುಸ್ತಕಗಳಿಗೆ ಹಂಚಿಹೋಗುತ್ತದೆ. ಆರು ಉಳಿಯುವವರೆಗೆ ಹೀಗೇ ನಡೆಯುತ್ತದೆ.

ಇಷ್ಟು ಗೋಜಲು ಏಕೆ? 2015ರಲ್ಲಿ ‘ಸ್ಯಾಡ್ ಪಪೀಸ್’, ‘ರೇಬಿಡ್ ಪಪೀಸ್’ ಎಂಬ ಗುಂಪುಗಳು ತಮ್ಮದೇ ಪಟ್ಟಿ ಮಾಡಿ ಬೆಂಬಲಿಗರಿಗೆ ಹಂಚಿದವು. ಆಗ ಹಳೆಯ ಸರಳ ಎಣಿಕೆ ಇತ್ತು. ಉಳಿದ ಓದುಗರ ಮತ ನೂರಾರು ಪುಸ್ತಕಗಳಲ್ಲಿ ಚದುರಿಹೋಗಿತ್ತು, ಇವರ ಮತ ಒಂದೇ ಕಡೆ ಬಿತ್ತು. ಕೆಲವು ವಿಭಾಗಗಳ ಅಂತಿಮ ಪಟ್ಟಿ ಪೂರ್ತಿ ಇವರ ಪಾಲಾಯಿತು. ಅದಕ್ಕೆ ಉತ್ತರವಾಗಿ ಬಂದದ್ದೇ ಈ ಹೊಸ ಲೆಕ್ಕ, 2017ರಿಂದ ಜಾರಿಯಲ್ಲಿದೆ. ಈಗ ನೂರು ಜನ ಒಂದೇ ಐದು ಹೆಸರು ಬರೆದರೆ ಒಂದೊಂದಕ್ಕೆ ಸಿಗುವುದು 20 ಅಂಕ ಮಾತ್ರ. ಒಂದೋ ಎರಡೋ ಪುಸ್ತಕ ನುಸುಳಬಹುದು, ಐದೂ ನುಸುಳುವುದು ಕಷ್ಟ.

ಎರಡನೆಯ ಹಂತ ಅಂತಿಮ ಮತದಾನ. ಇಲ್ಲಿ ಆರು ಕೃತಿಗಳಿಗೆ ಒಂದು, ಎರಡು, ಮೂರು ಎಂದು ಕ್ರಮ ಕೊಡಬೇಕು. ವಿಧಾನ ಪರಿಷತ್ತಿನ ಪದವೀಧರ ಕ್ಷೇತ್ರದಲ್ಲಿ ಮತ ಹಾಕಿದವರಿಗೆ ಪ್ರಾಶಸ್ತ್ಯ ಮತ ಗೊತ್ತೇ ಇರುತ್ತದೆ, ಇದೂ ಅದೇ ರೀತಿ. ಯಾರಿಗೂ ಅರ್ಧಕ್ಕಿಂತ ಹೆಚ್ಚು ಮೊದಲ ಪ್ರಾಶಸ್ತ್ಯ ಸಿಗದಿದ್ದರೆ ಕೊನೆಯಲ್ಲಿರುವ ಕೃತಿಯನ್ನು ಕೈಬಿಟ್ಟು ಅದರ ಮತಗಳನ್ನು ಮುಂದಿನ ಪ್ರಾಶಸ್ತ್ಯಕ್ಕೆ ವರ್ಗಾಯಿಸುತ್ತಾರೆ. ಹಾಗಾಗಿ ಗೆಲ್ಲುವುದು ಕೆಲವರು ಅತಿಯಾಗಿ ಪ್ರೀತಿಸಿ ಉಳಿದವರು ಸಹಿಸದ ಪುಸ್ತಕವಲ್ಲ. ಹೆಚ್ಚಿನವರ ಪಟ್ಟಿಯಲ್ಲಿ ಮೇಲಿರುವ ಪುಸ್ತಕ ಗೆಲ್ಲುತ್ತದೆ. ನನಗೆ ಈ ಕ್ರಮ ಮೆಚ್ಚುಗೆಯಾಗಿದೆ. ಐದು ನಕ್ಷತ್ರ ಒತ್ತಿ ಮುಂದೆ ಹೋಗುವುದಕ್ಕಿಂತ ಆರು ಪುಸ್ತಕಗಳನ್ನು ಒಂದರ ಕೆಳಗೊಂದು ಇಡುವಾಗ ನಿಮ್ಮ ಅಭಿಪ್ರಾಯ ನಿಮಗೇ ಸ್ಪಷ್ಟವಾಗುತ್ತದೆ.

ಮತಪತ್ರದಲ್ಲಿ ಏಳನೆಯ ಆಯ್ಕೆಯೂ ಒಂದಿರುತ್ತದೆ: ‘ನೋ ಅವಾರ್ಡ್’, ಅಂದರೆ ಯಾರಿಗೂ ಬೇಡ. ನಮ್ಮ ವಿಧಾನಸಭೆ, ಲೋಕಸಭೆ ಚುನಾವಣೆಯಲ್ಲಿ ನೋಟಾಕ್ಕೆ ಎಷ್ಟು ಮತ ಬಿದ್ದರೂ ಅದು ಗೆಲ್ಲುವುದಿಲ್ಲ, ಇಲ್ಲಿ ಗೆಲ್ಲುತ್ತದೆ. 2015ರಲ್ಲಿ ಐದು ವಿಭಾಗಗಳಲ್ಲಿ ಗೆದ್ದೂ ಬಿಟ್ಟಿತು, ಆ ವರ್ಷ ಅವಕ್ಕೆ ಪ್ರಶಸ್ತಿಯೇ ಇಲ್ಲ. ಇದನ್ನು ಬಳಸುವಾಗ ಒಂದು ಎಚ್ಚರ ಬೇಕು. ‘ನೋ ಅವಾರ್ಡ್’ ಮೂರನೆಯ ಸ್ಥಾನದಲ್ಲಿದ್ದರೆ ಮೊದಲೆರಡು ಕೃತಿ ಮಾತ್ರ ಪ್ರಶಸ್ತಿಗೆ ಯೋಗ್ಯ ಎಂದು ನೀವು ಹೇಳಿದಂತೆ. ‘ನೋ ಅವಾರ್ಡ್’ಗೆ ಸ್ಥಾನ ಕೊಟ್ಟು ಓದದ ಪುಸ್ತಕವನ್ನು ಖಾಲಿ ಬಿಟ್ಟರೂ ಅದನ್ನು ಕೆಳಗೆ ತಳ್ಳಿದಂತೆಯೇ ಲೆಕ್ಕ.

ಅದೇ 2015ರಲ್ಲಿ ಕಾದಂಬರಿ ವಿಭಾಗದಲ್ಲಿ ಗೆದ್ದದ್ದು ಚೀನೀ ಲೇಖಕ ಲಿಯು ಸಿಷಿನ್ ಅವರ ‘ದ ಥ್ರೀ ಬಾಡಿ ಪ್ರಾಬ್ಲಮ್’. ಇನ್ನೊಬ್ಬ ಲೇಖಕರು ತಮ್ಮ ಕೃತಿಯನ್ನು ಹಿಂತೆಗೆದುಕೊಂಡದ್ದರಿಂದ ಅದಕ್ಕೆ ಅಂತಿಮ ಪಟ್ಟಿಯಲ್ಲಿ ಜಾಗ ಸಿಕ್ಕಿತ್ತು. ಚೀನೀ ಭಾಷೆಯಲ್ಲಿ ಅದು ಪುಸ್ತಕವಾಗಿ ಬಂದದ್ದು 2008ರಲ್ಲಿ, ಕೆನ್ ಲಿಯು ಅವರ ಇಂಗ್ಲಿಷ್ ಅನುವಾದ 2014ರಲ್ಲಿ. ಹಾಗಾದರೆ ಹಳೆಯ ಪುಸ್ತಕಕ್ಕೆ ಪ್ರಶಸ್ತಿ ಹೇಗೆ ಬಂತು? ಯಾವ ಭಾಷೆಯ ಕೃತಿಯಾದರೂ ಪ್ರಕಟವಾದ ವರ್ಷಕ್ಕೆ ಅರ್ಹ. ಮುಂದೆ ಮೊದಲ ಸಲ ಇಂಗ್ಲಿಷಿಗೆ ಬಂದಾಗ ಅದಕ್ಕೆ ಇನ್ನೊಂದು ಅವಕಾಶ ಸಿಗುತ್ತದೆ. ನಿಯಮದ ಪ್ರಕಾರ ಕನ್ನಡದ ವೈಜ್ಞಾನಿಕ ಕಾದಂಬರಿಗೂ ಈ ಬಾಗಿಲು ತೆರೆದೇ ಇದೆ. ಆದರೆ ಓದದ ಪುಸ್ತಕಕ್ಕೆ ಯಾರೂ ಮತ ಹಾಕುವುದಿಲ್ಲ. ಮೊದಲು ಅನುವಾದವಾಗಬೇಕು, ಅದು ಹೊರದೇಶದ ಓದುಗರ ಕೈಗೂ ಸಿಗಬೇಕು. ಇಂಗ್ಲಿಷಿನಲ್ಲೇ ಬರೆದರೆ ಅನುವಾದದ ಅಡ್ಡಿ ಇರುವುದಿಲ್ಲ. ಬೆಂಗಳೂರಿನ ಲಾವಣ್ಯ ಲಕ್ಷ್ಮೀನಾರಾಯಣ್ ಅವರ ‘ದ ಟೆನ್ ಪರ್ಸೆಂಟ್ ಥೀಫ್’ ಬ್ರಿಟನ್ನಿನ ಆರ್ಥರ್ ಸಿ. ಕ್ಲಾರ್ಕ್ ಪ್ರಶಸ್ತಿಯ 2024ರ ಅಂತಿಮ ಪಟ್ಟಿಯಲ್ಲಿತ್ತು. ಭವಿಷ್ಯದ ಬೆಂಗಳೂರಿನ ಕತೆಯದು, ಬರೆದದ್ದು ಇಂಗ್ಲಿಷಿನಲ್ಲಿ. ಅಂದಹಾಗೆ, ಕ್ಲಾರ್ಕ್ ಪ್ರಶಸ್ತಿಯನ್ನು ತೀರ್ಪುಗಾರರೇ ಕೊಡುತ್ತಾರೆ.

ಈಗ ಖರ್ಚಿನ ಮಾತು. ಮತದಾನಕ್ಕಷ್ಟೇ ಸಾಲುವ ಸದಸ್ಯತ್ವಕ್ಕೆ ಇತ್ತೀಚಿನ ವರ್ಷಗಳಲ್ಲಿ ಸುಮಾರು 50 ಡಾಲರ್ ಇದೆ. ನಮ್ಮ ಲೆಕ್ಕದಲ್ಲಿ ನಾಲ್ಕು ಸಾವಿರ ರೂಪಾಯಿ ದಾಟುತ್ತದೆ. ಸಮ್ಮೇಳನಕ್ಕೆ ಹೋಗುವುದಾದರೆ ಅದರ ಶುಲ್ಕ ಬೇರೆ. ಆಯಾ ವರ್ಷದ ವರ್ಲ್ಡ್‌ಕಾನ್ ಸಂಘಟಕರಿಗೆ ಆನ್‌ಲೈನ್‌ನಲ್ಲೇ ಹಣ ಕಟ್ಟಬೇಕು. ಅಂತರರಾಷ್ಟ್ರೀಯ ಪಾವತಿಗೆ ಒಪ್ಪಿಗೆ ಇರುವ ಕಾರ್ಡ್ ಬೇಕಾಗುತ್ತದೆ. ಒಂದು ವರ್ಷದ ಸದಸ್ಯರು ಮರುವರ್ಷದ ನಾಮನಿರ್ದೇಶನದಲ್ಲೂ ಭಾಗವಹಿಸಬಹುದು. ಅಂತಿಮ ಮತ ಮಾತ್ರ ಆಯಾ ವರ್ಷದ ಸದಸ್ಯರಿಗೆ.

ದುಬಾರಿ ಅನ್ನಿಸಿತೇ? ಅಂತಿಮ ಪಟ್ಟಿ ಬಂದ ಮೇಲೆ ಸದಸ್ಯರಿಗೆ ‘ವೋಟರ್ ಪ್ಯಾಕೆಟ್’, ಅಂದರೆ ಸ್ಪರ್ಧೆಯಲ್ಲಿರುವ ಕೃತಿಗಳ ಇ-ಪುಸ್ತಕಗಳ ಕಟ್ಟು ಸಿಗುವುದು ರೂಢಿ. ಅದನ್ನು ಕೊಡುವುದು ಪ್ರಕಾಶಕರ ಇಷ್ಟ. ಕೆಲವರು ಇಡೀ ಪುಸ್ತಕ ಕೊಡುತ್ತಾರೆ, ಕೆಲವರು ಆಯ್ದ ಭಾಗ ಮಾತ್ರ. ಎಲ್ಲವೂ ಸಿಕ್ಕೇ ಸಿಗುತ್ತದೆಂದು ನಂಬಿ ಹಣ ಕಟ್ಟಬೇಡಿ. ಸಣ್ಣಕತೆಗಳ ವಿಷಯದಲ್ಲಿ ಆ ತೊಂದರೆ ಕಡಿಮೆ. ‘ಕ್ಲಾರ್ಕ್ಸ್‌ವರ್ಲ್ಡ್’, ‘ಅನ್‌ಕ್ಯಾನಿ’, ‘ಸ್ಟ್ರೇಂಜ್ ಹೊರೈಜನ್ಸ್’ ಪತ್ರಿಕೆಗಳ ಕತೆಗಳು ಆನ್‌ಲೈನ್‌ನಲ್ಲಿ ಉಚಿತವಾಗಿ ಓದಲು ಸಿಗುತ್ತವೆ.

ಎಣಿಕೆಯನ್ನು ನಂಬಬಹುದೇ ಎಂಬುದು ನ್ಯಾಯವಾದ ಸಂಶಯ. 2023ರಲ್ಲಿ ಚೀನಾದ ಚೆಂಗ್ಡುವಿನಲ್ಲಿ ನಡೆದ ವರ್ಲ್ಡ್‌ಕಾನ್‌ನಲ್ಲಿ ಆರ್.ಎಫ್. ಕುವಾಂಗ್ ಅವರ ‘ಬೇಬಲ್’ ಕಾದಂಬರಿಯನ್ನು ಕಾರಣ ಕೊಡದೆ ಅನರ್ಹಗೊಳಿಸಿದ್ದರು. ಅದು ತಿಳಿದದ್ದು 2024ರ ಜನವರಿಯಲ್ಲಿ, ಅಂಕಿಅಂಶ ಹೊರಬಂದ ಮೇಲೆ. ಪ್ರಶಸ್ತಿಯ ಇತಿಹಾಸದಲ್ಲಿ ಅದು ದೊಡ್ಡ ಕಳಂಕ, ಬೇರೆ ಮಾತಿಲ್ಲ. ಮರುವರ್ಷ ಗ್ಲಾಸ್ಗೋದವರು ಒಬ್ಬ ಸ್ಪರ್ಧಿಗೆ ನೆರವಾಗಲು ಬಿದ್ದ 377 ಸಂಶಯಾಸ್ಪದ ಮತಗಳನ್ನು ರದ್ದು ಮಾಡಿದರು, ಫಲಿತಾಂಶಕ್ಕೆ ಮುಂಚೆಯೇ ಅದನ್ನು ಬಹಿರಂಗವಾಗಿ ಹೇಳಿದರು. ಪ್ರತಿ ವರ್ಷ ಯಾವ ಕೃತಿಗೆ ಎಷ್ಟು ಮತ ಬಿತ್ತು ಎಂಬ ವಿವರ ಪ್ರಕಟವಾಗಲೇಬೇಕು. ಫಲಿತಾಂಶದ ನಂತರ ಅದನ್ನೊಮ್ಮೆ ತೆರೆದು ನೋಡಿ. ಗೆದ್ದ ಪುಸ್ತಕಕ್ಕಿಂತ ಸ್ವಲ್ಪದರಲ್ಲಿ ತಪ್ಪಿಹೋದ ಪುಸ್ತಕಗಳ ಪಟ್ಟಿಯೇ ಎಷ್ಟೋ ಸಲ ಓದಲು ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಹಣ ಕೊಡದೆ ಮತ ಹಾಕಬೇಕೆಂದರೆ ಲೋಕಸ್ ಪ್ರಶಸ್ತಿ ಇದೆ. ಅಮೆರಿಕದ ‘ಲೋಕಸ್’ ಪತ್ರಿಕೆ 1971ರಿಂದ ಇದನ್ನು ಕೊಡುತ್ತಿದೆ. ಮತದಾನ ಎಲ್ಲರಿಗೂ ಉಚಿತ, ಪತ್ರಿಕೆಯ ಚಂದಾದಾರರ ಮತಕ್ಕೆ ಮಾತ್ರ ಇಮ್ಮಡಿ ಬೆಲೆ. ಇಲ್ಲಿ ಸೈನ್ಸ್ ಫಿಕ್ಷನ್, ಫ್ಯಾಂಟಸಿ, ಹಾರರ್ ಕಾದಂಬರಿಗಳಿಗೆ ಮೂರು ಪ್ರತ್ಯೇಕ ವಿಭಾಗಗಳಿವೆ. ಸಿಲ್ವಿಯಾ ಮೊರೆನೊ-ಗಾರ್ಸಿಯಾ ಅವರ ‘ಮೆಕ್ಸಿಕನ್ ಗಾಥಿಕ್’ 2021ರಲ್ಲಿ ಹಾರರ್ ವಿಭಾಗದಲ್ಲಿ ಗೆದ್ದ ಕಾದಂಬರಿ. ಪತ್ರಿಕೆ ತಾನು ಶಿಫಾರಸು ಮಾಡುವ ಪುಸ್ತಕಗಳ ಉದ್ದ ಪಟ್ಟಿಯೊಂದನ್ನು ಕೊಡುತ್ತದೆ. ಅದರಲ್ಲಿಲ್ಲದ ಪುಸ್ತಕದ ಹೆಸರನ್ನೂ ನೀವು ಬರೆಯಬಹುದು.

ಹೊಸಬರು ಇಲ್ಲಿಂದಲೇ ಶುರುಮಾಡುವುದು ಒಳ್ಳೆಯದು, ಹ್ಯೂಗೋ ಸದಸ್ಯತ್ವ ಮುಂದಿನ ಮಾತು. ಲೋಕಸ್ ಮತದಾನ ಸಾಮಾನ್ಯವಾಗಿ ಫೆಬ್ರವರಿಯಲ್ಲಿ ತೆರೆದು ಏಪ್ರಿಲ್ ಮಧ್ಯದಲ್ಲಿ ಮುಗಿಯುತ್ತದೆ. ಅಷ್ಟರೊಳಗೆ ಹಿಂದಿನ ವರ್ಷ ಬಂದ ಪುಸ್ತಕಗಳಲ್ಲಿ ಓದಿ ಮುಗಿಸಿದವನ್ನು ಒಂದು ಕಾಗದದಲ್ಲಿ ಬರೆದಿಟ್ಟುಕೊಳ್ಳಿ, ಪಕ್ಕದಲ್ಲೇ ನಿಮ್ಮ ಕ್ರಮಾಂಕವನ್ನೂ ಹಾಕಿ.